ಒಂದು ಲೋಟ ಎಂದರೆ ಎಷ್ಟು ಗ್ರಾಂ?

ಸೇರು, ಪಾವು, ಕಪ್ಪು, ಕೆ.ಜಿ.: ಅಡುಗೆಮನೆಯ ಅಳತೆಗಳ ಚರಿತ್ರೆ, ಅವುಗಳ ಹಿಂದಿನ ವಿಜ್ಞಾನ, ಒಂದರಿಂದ ಇನ್ನೊಂದಕ್ಕೆ ದಾಟುವಾಗ ಇಡಬೇಕಾದ ಎಚ್ಚರ

ಮೈಸೂರು ಪಾಕದ ಲೆಕ್ಕ ಬಾಯಿಪಾಠ ಆಗುವಷ್ಟು ಸರಳ. ಒಂದು ಲೋಟ ಕಡಲೆ ಹಿಟ್ಟು, ಎರಡು ಲೋಟ ಸಕ್ಕರೆ, ಎರಡು ಲೋಟ ತುಪ್ಪ. ಬಾಯಲ್ಲಿ ಇಟ್ಟರೆ ಕರಗಬೇಕು ಎನ್ನುವವರು ತುಪ್ಪವನ್ನು ಎರಡೂವರೆಗೋ ಮೂರಕ್ಕೋ ಏರಿಸುತ್ತಾರೆ. ಇದೇ ಒಂದು–ಎರಡು–ಎರಡನ್ನು ತಕ್ಕಡಿಗೆ ಹಾಕಿದರೆ ಬೇರೆಯೇ ಲೆಕ್ಕ ಹೊರಬೀಳುತ್ತದೆ. 200 ಮಿ.ಲೀ. ಹಿಡಿಸುವ ಲೋಟದಲ್ಲಿ ಜರಡಿ ಹಿಡಿದ ಕಡಲೆ ಹಿಟ್ಟು ಸುಮಾರು 80 ಗ್ರಾಂ ತೂಗುತ್ತದೆ. ಅದೇ ಲೋಟದ ತುಂಬ ಸಕ್ಕರೆ ಸುಮಾರು 170 ಗ್ರಾಂ, ಕರಗಿಸಿದ ತುಪ್ಪ ಸುಮಾರು 180 ಗ್ರಾಂ. ಅಂದರೆ 80 ಗ್ರಾಂ ಹಿಟ್ಟಿಗೆ 340 ಗ್ರಾಂ ಸಕ್ಕರೆ, 360 ಗ್ರಾಂ ತುಪ್ಪ. ತೂಕದ ಭಾಷೆಯಲ್ಲಿ ಇದು ಒಂದಕ್ಕೆ ನಾಲ್ಕೂಕಾಲು, ನಾಲ್ಕೂವರೆ. ಯಾರಾದರೂ ಈ ಲೆಕ್ಕವನ್ನು 100 ಗ್ರಾಂ, 200 ಗ್ರಾಂ, 200 ಗ್ರಾಂ ಎಂದು ಓದಿಕೊಂಡು ಒಲೆ ಹಚ್ಚಿದರೆ ತಟ್ಟೆಗೆ ಬೀಳುವುದು ಹಿಟ್ಟುಹಿಟ್ಟಾದ ಇನ್ನೊಂದು ತಿಂಡಿ. ಅದಕ್ಕೆ ಮೈಸೂರಿನ ಹೆಸರು ಒಪ್ಪುವುದಿಲ್ಲ.

ಅಡುಗೆಯ ಲೆಕ್ಕಗಳು ಈಗ ಊರೂರು ಸುತ್ತುತ್ತವೆ. ಅಮ್ಮನ ಕೈಬರಹದ ಪುಸ್ತಕದಲ್ಲಿ ಪಾವು, ಚಟಾಕು. ಯೂಟ್ಯೂಬಿನಲ್ಲಿ ಕಪ್ಪು, ಟೇಬಲ್ ಸ್ಪೂನು. ಬೇಕಿಂಗ್ ಪುಸ್ತಕದಲ್ಲಿ ಗ್ರಾಂ. ಅಂಗಡಿಯ ಪೊಟ್ಟಣದ ಮೇಲೆ ಕೆ.ಜಿ. ಒಂದನ್ನು ಇನ್ನೊಂದಕ್ಕೆ ತಿರುಗಿಸಲು ಫೋನಿನಲ್ಲಿ ಹುಡುಕಿದರೆ ‘ಒಂದು ಕಪ್ಪಿಗೆ ಇಷ್ಟು ಗ್ರಾಂ’ ಎನ್ನುವ ಪಟ್ಟಿಗಳು ಹತ್ತಾರು ಸಿಗುತ್ತವೆ. ಒಂದಕ್ಕೊಂದು ತಾಳೆ ಆಗುವುದಿಲ್ಲ. ಹಾಗೆಂದು ಅವೆಲ್ಲ ತಪ್ಪು ಎನ್ನಲಾಗದು. ಪ್ರತಿ ಪದಾರ್ಥಕ್ಕೂ ಅದರದೇ ಸಂಖ್ಯೆ ಇದೆ, ಆ ಪದಾರ್ಥವನ್ನು ಪಾತ್ರೆಗೆ ಹೇಗೆ ತುಂಬಿದರು ಎಂಬುದರ ಮೇಲೆ ಆ ಸಂಖ್ಯೆಯೂ ಅತ್ತಿತ್ತ ಸರಿಯುತ್ತದೆ. ಹಿಂದಿನವರು ಬಹುಮಟ್ಟಿಗೆ ಈ ತೊಡಕಿಗೆ ಕೈಹಾಕಲಿಲ್ಲ. ಅಳೆಯುವ ವಸ್ತುಗಳನ್ನು ಒಂದು ಕಡೆ, ತೂಗುವ ವಸ್ತುಗಳನ್ನು ಇನ್ನೊಂದು ಕಡೆ ಇಟ್ಟುಬಿಟ್ಟರು.

ಧಾನ್ಯಕ್ಕೆ ಕೊಳಗ, ಚಿನ್ನಕ್ಕೆ ತಕ್ಕಡಿ

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದ. ಲೆಕ್ಕಗಳನ್ನು ಶುರುಮಾಡುವ ಮೊದಲೇ ಅವನು ಅಳತೆಗಳ ಪರಿಭಾಷೆಯನ್ನು ಹೇಳಿಬಿಡುತ್ತಾನೆ. ನೆಲಕ್ಕೊಂದು, ಕಾಲಕ್ಕೊಂದು, ಧಾನ್ಯಕ್ಕೊಂದು, ಚಿನ್ನಕ್ಕೊಂದು, ಬೆಳ್ಳಿಗೊಂದು, ಉಳಿದ ಲೋಹಗಳಿಗೆ ಇನ್ನೊಂದು. ಧಾನ್ಯದ ಪಟ್ಟಿಯಲ್ಲಿ ನಾಲ್ಕು ಷೋಡಶಿಕೆ ಸೇರಿ ಒಂದು ಕುಡವ, ನಾಲ್ಕು ಕುಡವ ಸೇರಿ ಒಂದು ಪ್ರಸ್ಥ, ನಾಲ್ಕು ಪ್ರಸ್ಥಕ್ಕೆ ಒಂದು ಆಢಕ, ನಾಲ್ಕು ಆಢಕಕ್ಕೆ ಒಂದು ದ್ರೋಣ. ಎಲ್ಲವೂ ತುಂಬಿ ಸುರಿಯುವ ಮಾನಗಳು. ಚಿನ್ನಕ್ಕೆ ಬಂದಾಗ ಗುಲಗಂಜಿಯಂಥವುಗಳಿಂದ ಹಿಡಿಯುವ ತೂಕದ ಲೆಕ್ಕ.

ಕನ್ನಡ ಶಾಸನಗಳಲ್ಲಿಯೂ ದೇವಸ್ಥಾನಕ್ಕೆ ಬಿಟ್ಟ ಭತ್ತ, ಅಕ್ಕಿ ಖಂಡುಗ, ಕೊಳಗ, ಬಳ್ಳ, ಮಾನಗಳಲ್ಲಿ ಬರುತ್ತವೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಹೊಲಗದ್ದೆಯನ್ನೂ ಖಂಡುಗದಲ್ಲೇ ಹೇಳುತ್ತಿದ್ದರು, ಅಷ್ಟು ಬೀಜ ಹಿಡಿಸುವ ನೆಲ ಎಂಬ ಅರ್ಥದಲ್ಲಿ. ಅಡುಗೆಮನೆಗೆ ಇಳಿದರೆ ಹಳೆ ಮೈಸೂರಿನಲ್ಲಿ ಸೇರು ಮತ್ತು ಅದರ ಮರಿಗಳು: ಸೇರಿನ ಅರ್ಧ ಅಚ್ಚೇರು, ಕಾಲು ಭಾಗ ಪಾವು, ಪಾವಿನ ಅರ್ಧ ಅರೆಪಾವು, ಪಾವಿನ ಕಾಲು ಚಟಾಕು. ಮಹಾವೀರನ ಪಟ್ಟಿಯಂತೆ ಇಲ್ಲಿಯೂ ಎರಡು, ನಾಲ್ಕರ ಮೆಟ್ಟಿಲುಗಳೇ. ಗುಣಾಕಾರ ಬಾರದವರೂ ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ ಲೆಕ್ಕ ಮುಗಿಸಬಹುದಿತ್ತು. ಕರಾವಳಿಯಲ್ಲಿ ಅಕ್ಕಿಗೆ ಮುಡಿ, ಕಳಸೆ. ಮನೆಯೊಳಗೆ ಕುಡ್ತೆ, ಸಿದ್ದೆ.

ಧಾನ್ಯವನ್ನು ಅಳೆದದ್ದಕ್ಕೆ ಕಾರಣವೂ ಇತ್ತು. ಕಣದಲ್ಲಿ ರಾಶಿ ಬಿದ್ದ ರಾಗಿಯನ್ನು ತೂಗಲು ದೊಡ್ಡ ತಕ್ಕಡಿ, ತೂಕದ ಕಲ್ಲು, ಅದನ್ನು ಕಟ್ಟಲು ಕಂಬ ಬೇಕು. ಅಳೆಯಲು ಒಂದು ಕೊಳಗ ಸಾಕು. ಕೊಡುವವನೂ ಕೊಳ್ಳುವವನೂ ಒಂದೇ ಪಾತ್ರೆಯನ್ನು ನೋಡುತ್ತ ನಿಲ್ಲುತ್ತಾರೆ, ಎಣಿಕೆ ಜೋರಾಗಿ ನಡೆಯುತ್ತದೆ. ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆ ಹಿಡಿಯುವ ರೂಢಿ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಗೋಪುರ ನಿಲ್ಲುವಂತೆ ತುಂಬಬೇಕೋ, ಕೈಯಿಂದ ತಲೆ ಸವರಿ ಮಟ್ಟ ಮಾಡಬೇಕೋ ಎಂಬುದೂ ಮೊದಲೇ ಮಾತಾಗಿರುತ್ತಿತ್ತು. ಜಗಳ ಬಂದರೆ ಬರುತ್ತಿದ್ದುದು ಆ ಗೋಪುರದ ಎತ್ತರಕ್ಕೆ.

ಒಂದು ಊರಿನೊಳಗೆ ಚೆನ್ನಾಗಿ ನಡೆಯುತ್ತಿದ್ದ ಈ ಏರ್ಪಾಡು ಊರು ದಾಟಿದ ಕೂಡಲೇ ಗೊಂದಲ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದ ಮೇರೆಗೆ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ. 1807ರಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಆಯಾ ಊರಿನ ಸೇರು, ಕೊಳಗಗಳ ವಿವರ ಮತ್ತೆ ಮತ್ತೆ ಬರುವುದು ಈ ಕಾರಣಕ್ಕೆ. ಸಾಲದ್ದಕ್ಕೆ ಸೇರು ಎಂಬ ಹೆಸರು ಅಳತೆಗೂ ಇತ್ತು, ತೂಕಕ್ಕೂ ಇತ್ತು. ಮೈಸೂರಿನ ತೂಕದ ಕಚ್ಚಾ ಸೇರು 24 ರೂಪಾಯಿ ನಾಣ್ಯಗಳ ಭಾರ, ಇಂದಿನ ಲೆಕ್ಕದಲ್ಲಿ ಸುಮಾರು 280 ಗ್ರಾಂ. ಬ್ರಿಟಿಷರು ಉತ್ತರದಲ್ಲಿ ನೆಲೆಗೊಳಿಸಿದ ಸೇರು 80 ತೊಲ, ಅಂದರೆ 933 ಗ್ರಾಂ. ‘ಸೇರಿಗೆ ಸವ್ವಾ ಸೇರು’ ಎಂದು ಗಾದೆ ಹೇಳುವವರು ಯಾವ ಸೇರು ಎಂದು ಕೇಳಿಸಿಕೊಳ್ಳುವ ಕಾಲ ಅದಾಗಿತ್ತು.

ಅಳತೆಯ ಸೇರನ್ನು ತೂಕದ ಸೇರಿಗೆ ಹೊಂದಿಸಲು ದಕ್ಷಿಣದಲ್ಲಿ ಒಂದು ಜಾಣ ಉಪಾಯವಿತ್ತು. ಅಕ್ಕಿ, ಗೋಧಿ, ಕಡಲೆ, ಹುರುಳಿ, ಹೆಸರು, ಉದ್ದು, ಎಳ್ಳು ಮೊದಲಾದ ಒಂಬತ್ತು ಬಗೆಯ ಕಾಳನ್ನು ಸಮಸಮವಾಗಿ ಬೆರೆಸಿ, ಗೊತ್ತುಮಾಡಿದ ತೂಕದ ಮಿಶ್ರಣ ಹಿಡಿಸುವಂತೆ ಸೇರಿನ ಪಾತ್ರೆಯನ್ನು ಮಾಡುತ್ತಿದ್ದರೆಂದು 19ನೇ ಶತಮಾನದ ಬ್ರಿಟಿಷ್ ಅಳತೆ-ತೂಕದ ದಾಖಲೆಗಳಲ್ಲಿ ಇದೆ. ಎಳ್ಳಿಗೆ ಸರಿಹೋಗುವ ಪಾತ್ರೆ ಕಡಲೆಗೆ ಹೊಂದದು, ಕಡಲೆಗೆ ಹೊಂದಿಸಿದ್ದು ಅಕ್ಕಿಗೆ ಹೊಂದದು. ಹಾಗಾದರೆ ಒಂಬತ್ತರ ಸರಾಸರಿ ಹಿಡಿದುಬಿಡೋಣ ಎಂಬ ವಿವೇಕ ಅದರ ಹಿಂದೆ ಇದೆ. ಇವತ್ತಿನ ಫೋನಿನ ಪಟ್ಟಿಗಳಲ್ಲಿ ಅಷ್ಟು ವಿವೇಕ ಕಾಣುವುದು ಅಪರೂಪ.

ಲೋಟದೊಳಗಿನ ಗಾಳಿ

ನೀರಿನ ವಿಷಯದಲ್ಲಿ ತೊಡಕಿಲ್ಲ. ಫ್ರಾನ್ಸಿನಲ್ಲಿ 1795ರಲ್ಲಿ ಮೆಟ್ರಿಕ್ ಪದ್ಧತಿ ರೂಪುಗೊಂಡಾಗ ಒಂದು ಘನ ಸೆಂಟಿಮೀಟರ್ ನೀರಿನ ತೂಕವನ್ನೇ ಗ್ರಾಂ ಎಂದು ಕರೆದರು. 1901ರಿಂದ 1964ರವರೆಗೆ ಲೀಟರಿನ ವ್ಯಾಖ್ಯೆಯೇ ಒಂದು ಕಿಲೋಗ್ರಾಂ ನೀರು ತುಂಬುವ ಜಾಗ ಎಂದಿತ್ತು. ಒಂದು ಮಿ.ಲೀ. ಎಂದರೆ ಒಂದು ಗ್ರಾಂ ಎಂದು ಶಾಲೆಯಲ್ಲಿ ಕಲಿತದ್ದು ಈ ನೀರಿನ ನೆಂಟಸ್ತಿಕೆ. ಅದನ್ನು ಹಿಟ್ಟಿಗೂ ಎಣ್ಣೆಗೂ ಹಚ್ಚಿದಾಗ ಎಡವಟ್ಟು ಶುರುವಾಗುತ್ತದೆ.

ಅಕ್ಕಿಕಾಳನ್ನು ನೀರಿಗೆ ಹಾಕಿದರೆ ಮುಳುಗುತ್ತದೆ. ಕಾಳಿನ ಸಾಂದ್ರತೆ ನೀರಿನ ಸುಮಾರು 1.4 ಪಟ್ಟು. ಹಾಗಿದ್ದರೆ ಒಂದು ಲೀಟರ್ ಅಕ್ಕಿ 1,400 ಗ್ರಾಂ ತೂಗಬೇಕಿತ್ತು. ತೂಗುವುದು 800ರಿಂದ 850 ಗ್ರಾಂ. ಉಳಿದದ್ದು ಕಾಳುಗಳ ನಡುವಿನ ಗಾಳಿ. ತುಂಬಿದ ಸೇರಿನಲ್ಲಿ ಹೆಚ್ಚುಕಡಿಮೆ ಶೇ 40ರಷ್ಟು ಜಾಗ ಖಾಲಿಯೇ. ಮೈದಾ ಹಿಟ್ಟಿನ ಕಣಗಳೂ ನೀರಿಗಿಂತ ಭಾರ, ಆದರೂ ಒಂದು ಲೀಟರ್ ಮೈದಾ ಸುಮಾರು 500 ಗ್ರಾಂ ಮಾತ್ರ. ಅಲ್ಲಿ ಮೂರರಲ್ಲಿ ಎರಡು ಪಾಲು ಗಾಳಿ.

ಒಂದೇ ಗಾತ್ರದ ಗುಂಡಗಿನ ವಸ್ತುಗಳನ್ನು ಎಷ್ಟು ಒತ್ತೊತ್ತಾಗಿ ಜೋಡಿಸಬಹುದು ಎಂಬ ಪ್ರಶ್ನೆ ಗಣಿತದ ದೊಡ್ಡ ಒಗಟುಗಳಲ್ಲಿ ಒಂದಾಗಿತ್ತು. ಎಷ್ಟೇ ಹೆಣಗಿದರೂ ಶೇ 74ನ್ನು ಮೀರಲಾಗದು ಎಂದು 1611ರಲ್ಲಿ ಖಗೋಳಜ್ಞ ಕೆಪ್ಲರ್ ಊಹಿಸಿದ. ಅದಕ್ಕೆ ಪುರಾವೆಯನ್ನು ಅಮೆರಿಕದ ಗಣಿತಜ್ಞ ಥಾಮಸ್ ಹೇಲ್ಸ್ 1998ರಲ್ಲಿ, ಕಂಪ್ಯೂಟರಿನ ನೆರವಿನಿಂದ ಕೊಟ್ಟ. ಅದು ಒಂದೊಂದನ್ನೇ ಜೋಡಿಸಿದರೆ. ಸುಮ್ಮನೆ ಸುರಿದು ಕುಲುಕಿದರೆ ಗುಂಡುಗಳು ಶೇ 64ರ ಹತ್ತಿರ ನಿಂತುಬಿಡುತ್ತವೆ. ಕುಲುಕದಿದ್ದರೆ ಇನ್ನೂ ಕಡಿಮೆ. 2004ರಲ್ಲಿ ಪ್ರಿನ್ಸ್‌ಟನ್ನಿನ ವಿಜ್ಞಾನಿಗಳು ಎಂ ಅಂಡ್ ಎಂ ಮಿಠಾಯಿಯನ್ನು ಪಾತ್ರೆಗೆ ಸುರಿದು, ಚಪ್ಪಟೆ ಗುಂಡುಗಳು ದುಂಡನೆಯವಕ್ಕಿಂತ ಒತ್ತಾಗಿ ಕೂರುತ್ತವೆಂದು ತೋರಿಸಿದರು. ಆಕಾರ ಬದಲಾದರೆ ಅದೇ ಪಾತ್ರೆ ಬೇರೆ ತೂಕ ಹಿಡಿಸುತ್ತದೆ.

ಅಂಗಡಿಯವನು ಸೇರನ್ನು ಒಮ್ಮೆ ನೆಲಕ್ಕೆ ಕುಟ್ಟಿದರೆ ಕೊಳ್ಳುವವರ ಮುಖ ಅರಳುತ್ತಿದ್ದುದಕ್ಕೂ ಇದೇ ಕಾರಣ. ಕುಟ್ಟಿದಾಗ ಗಾಳಿ ಹೊರಗೆ ಹೋಗಿ ಕಾಳಿಗೆ ಜಾಗವಾಗುತ್ತದೆ. ಹಿಟ್ಟಿನಲ್ಲಿ ಈ ಆಟ ಇನ್ನೂ ದೊಡ್ಡದು. 240 ಮಿ.ಲೀ. ಕಪ್ಪಿಗೆ ಚಮಚದಿಂದ ಮೆಲ್ಲಗೆ ಮೈದಾ ಹಾಕಿ ಮಟ್ಟ ಮಾಡಿದರೆ ಸುಮಾರು 120 ಗ್ರಾಂ. ಕಪ್ಪನ್ನೇ ಡಬ್ಬಕ್ಕೆ ಅದ್ದಿ ಬಾಚಿದರೆ 140–150 ಗ್ರಾಂ. ಚಪಾತಿ ಹಿಟ್ಟು ಕಲಸುವವರಿಗೆ ಇದರಿಂದ ತೊಂದರೆಯಿಲ್ಲ, ನೀರನ್ನು ಕೈಯೇ ತೀರ್ಮಾನಿಸುತ್ತದೆ. ಕೇಕು ಮಾಡುವವರಿಗೆ ಶೇ 20ರ ವ್ಯತ್ಯಾಸ ಎಂದರೆ ಮೆತ್ತಗಿನ ಕೇಕಿಗೂ ಬಿರಿದ ಕೇಕಿಗೂ ಇರುವ ಅಂತರ.

ಗಾಳಿಯನ್ನೇ ಮಾರುವ ಪದಾರ್ಥಗಳೂ ಇವೆ. ಐಸ್‌ಕ್ರೀಮನ್ನು ನಮ್ಮಲ್ಲಿ ಮಿ.ಲೀ. ಲೆಕ್ಕದಲ್ಲಿ ಮಾರುತ್ತಾರೆ. ಕಡೆಯುವಾಗ ಅದರೊಳಗೆ ಗಾಳಿ ತುಂಬಿಸುವುದರಿಂದ, ಒಂದು ಲೀಟರ್ ಐಸ್‌ಕ್ರೀಂ ಕನಿಷ್ಠ 525 ಗ್ರಾಂ ತೂಗಲೇಬೇಕು ಎಂದು ಆಹಾರ ಸುರಕ್ಷತೆಯ ನಿಯಮ ಗೆರೆ ಎಳೆದಿದೆ. ಪುರಿಗೆ ಅಂಥ ಗೆರೆಯಿಲ್ಲ. ಬಸವನಗುಡಿಯ ಪರಿಷೆಯಲ್ಲಿ ಕಡಲೆಕಾಯಿಯನ್ನೂ, ಸಂತೆಯಲ್ಲಿ ಪುರಿಯನ್ನೂ ಈಗಲೂ ಸೇರಿನಲ್ಲೇ ಅಳೆದು ಕೊಡುವುದು ಕಾಣುತ್ತದೆ.

ಎಲ್ಲರ ಕಪ್ಪೂ ಒಂದೇ ಅಲ್ಲ

ಕಪ್ಪಿನ ಅಳತೆಯನ್ನು ಶಿಸ್ತಿಗೆ ತಂದವರಲ್ಲಿ ಮೊದಲ ಹೆಸರು ಅಮೆರಿಕದ ಫ್ಯಾನಿ ಫಾರ್ಮರ್. ಬಾಸ್ಟನ್ನಿನ ಅಡುಗೆ ಶಾಲೆಯ ಮುಖ್ಯಸ್ಥೆಯಾಗಿದ್ದ ಆಕೆ 1896ರಲ್ಲಿ ಹೊರತಂದ ಪುಸ್ತಕದಲ್ಲಿ ಕಪ್ಪು, ಚಮಚ ಎರಡನ್ನೂ ಮಟ್ಟ ಮಾಡಿಯೇ ಅಳೆಯಬೇಕೆಂದು ಹಟ ಹಿಡಿದಳು. ಅಲ್ಲಿಯವರೆಗೆ ‘ಒಂದು ಟೀ ಕಪ್ಪು’, ‘ಮೊಟ್ಟೆಯಷ್ಟು ಬೆಣ್ಣೆ’ ಎಂಬ ಬಗೆಯ ಲೆಕ್ಕ ಅಲ್ಲಿಯೂ ಇತ್ತು. ನಮ್ಮಲ್ಲಿ ನಿಂಬೆಹಣ್ಣಿನ ಗಾತ್ರದ ಹುಣಿಸೆ ಇನ್ನೂ ಚಲಾವಣೆಯಲ್ಲಿದೆ.

ಅಮೆರಿಕದ ಮನೆಗಳು ಕಪ್ಪಿಗೆ ಅಂಟಿಕೊಂಡವು, ಯುರೋಪಿನವು ತಕ್ಕಡಿಗೆ. ಆ ಕಪ್ಪಾದರೂ ಒಂದೇ ಗಾತ್ರದ್ದೇ? ಅಮೆರಿಕದ ವಾಡಿಕೆಯ ಕಪ್ಪು 236.6 ಮಿ.ಲೀ.; ಪೊಟ್ಟಣಗಳ ಮೇಲಿನ ಪೋಷಕಾಂಶ ಪಟ್ಟಿಗೆ ಅಲ್ಲಿನ ಕಾನೂನು ಒಪ್ಪುವ ಕಪ್ಪು 240. ಆಸ್ಟ್ರೇಲಿಯಾದ ಕಪ್ಪು 250. ಜಪಾನಿನ ಅಡುಗೆ ಕಪ್ಪು 200; ಅಕ್ಕಿಗೆ ಮಾತ್ರ ಹಳೆಯ ‘ಗೋ’ ಅಳತೆಯ 180. ರೈಸ್ ಕುಕ್ಕರಿನ ಜೊತೆ ಪ್ಲಾಸ್ಟಿಕ್ ಕಪ್ಪೊಂದು ಬರುತ್ತದಲ್ಲ, ಬಹಳಷ್ಟು ಸಲ ಅದು ಈ 180ರದ್ದು. ಪಾತ್ರೆಯೊಳಗಿನ ಗೆರೆಗಳೂ ಅದಕ್ಕೆ ಹೊಂದಿಸಿದವು. ಕಪ್ಪು ಕಳೆದುಹೋಯಿತೆಂದು 240ರ ಕಪ್ಪಿನಲ್ಲಿ ಅಕ್ಕಿ ಹಾಕಿ ಗೆರೆಯವರೆಗೆ ನೀರು ಹೊಯ್ದರೆ ಅನ್ನ ಗಟ್ಟಿಯಾಗುತ್ತದೆ. ಟೇಬಲ್ ಸ್ಪೂನಿನಲ್ಲೂ ಇದೇ ಕತೆ. ಹೆಚ್ಚಿನ ಕಡೆ 15 ಮಿ.ಲೀ., ಆಸ್ಟ್ರೇಲಿಯಾದಲ್ಲಿ 20. ಮೆಲ್ಬರ್ನಿನ ಕನ್ನಡದ ಮನೆಯಲ್ಲಿ, ಅಲ್ಲೇ ಕೊಂಡ ಚಮಚದಿಂದ ಬೆಂಗಳೂರಿನ ಲೆಕ್ಕ ಹಿಡಿದು ಖಾರದ ಪುಡಿ ಹಾಕಿದರೆ ಮೂರರಲ್ಲಿ ಒಂದು ಪಾಲು ಹೆಚ್ಚು ಬೀಳುತ್ತದೆ.

ಅಂಗಡಿಯ ಲೆಕ್ಕ

ಭಾರತದಲ್ಲಿ ಸೇರು, ಮಣಗಳಿಗೆ ಕಾನೂನು ವಿದಾಯ ಹೇಳಿದ್ದು 1956ರ ಅಳತೆ ಮತ್ತು ತೂಕಗಳ ಕಾಯ್ದೆಯಿಂದ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು, 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಕಿಲೋಗ್ರಾಂ ಬಂತು. ಈಗ ಜಾರಿಯಲ್ಲಿರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ. ಅಂಗಡಿಯ ತಕ್ಕಡಿಗೆ ಮುದ್ರೆ ಒತ್ತುವ ಇಲಾಖೆಯ ಅಧಿಕಾರ ಬರುವುದು ಇದರಿಂದಲೇ. ಅಂಗಡಿ ತೂಕಕ್ಕೆ ಹೊರಳಿತು. ಅಡುಗೆಮನೆ ಪಾವಿನಲ್ಲೇ ಉಳಿಯಿತು. ಅಕ್ಕಿ ಕೊಳ್ಳುವುದು ಕೆ.ಜಿ.ಯಲ್ಲಿ, ಕುಕ್ಕರಿಗೆ ಹಾಕುವುದು ಪಾವಿನಲ್ಲಿ. ಮನೆಯ ದಿನಸಿಯ ಲೆಕ್ಕ ತಪ್ಪುವುದು ಬಹುತೇಕ ಈ ಸಂದಿನಲ್ಲಿ.

ದ್ರವಗಳ ಸಂಗತಿ ಇನ್ನೂ ಸೂಕ್ಷ್ಮ. ಹಾಲು ಲೀಟರಿನಲ್ಲಿ, ಮೊಸರು ಗ್ರಾಂನಲ್ಲಿ ಬರುತ್ತದೆ. ಅರ್ಧ ಲೀಟರ್ ಹಾಲು 515 ಗ್ರಾಂ ಹತ್ತಿರ ತೂಗುತ್ತದೆ, ಏಕೆಂದರೆ ಹಾಲು ನೀರಿಗಿಂತ ತುಸು ಭಾರ. ಎಣ್ಣೆ ಹಗುರ. ಒಂದು ಲೀಟರ್ ಅಡುಗೆ ಎಣ್ಣೆ 910 ಗ್ರಾಂ ಆಸುಪಾಸು. ಬಿಸಿಯಾದರೆ ಎಣ್ಣೆ ಹಿಗ್ಗುತ್ತದೆ. ಕೆಲವು ಕಂಪನಿಗಳು ಪೊಟ್ಟಣದ ಮೇಲೆ ಹೆಚ್ಚಿನ ಉಷ್ಣತೆಯನ್ನು ನಮೂದಿಸಿ, ಆ ಉಷ್ಣತೆಯಲ್ಲಿ ಒಂದು ಲೀಟರ್ ಎಂದು ತುಂಬುತ್ತಿದ್ದವು. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ 919 ಗ್ರಾಂ ಇದ್ದರೆ 60 ಡಿಗ್ರಿಯಲ್ಲಿ 893 ಗ್ರಾಂಗೆ ಇಳಿಯುತ್ತದೆ. ಕೊಳ್ಳುವವರಿಗೆ ನಷ್ಟ 26 ಗ್ರಾಂ. 2022ರ ಆಗಸ್ಟ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಉಷ್ಣತೆಯ ಈ ಉಲ್ಲೇಖವನ್ನು ತೆಗೆದು, ಲೀಟರಿನ ಜೊತೆಗೆ ತೂಕವನ್ನೂ ಬರೆಯಬೇಕೆಂದು ಸೂಚಿಸಿತು. ಗಾತ್ರ ಉಬ್ಬೀತು, ಕುಗ್ಗೀತು. ತೂಕ ಅಲ್ಲೇ ನಿಲ್ಲುತ್ತದೆ.

ಯಾವುದನ್ನು ತೂಗಬೇಕು, ಯಾವುದನ್ನು ಅಳೆಯಬೇಕು

ಹಾಗೆಂದು ಪಾವನ್ನು ಅಟ್ಟಕ್ಕೆ ಸೇರಿಸಬೇಕಿಲ್ಲ. ಒಂದೇ ಪಾತ್ರೆಯಲ್ಲಿ ಎಲ್ಲವನ್ನೂ ಅಳೆಯುವ ಅಡುಗೆಗೆ ಆ ಪಾತ್ರೆಯ ಗಾತ್ರವೇ ಬೇಕಾಗಿಲ್ಲ. ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ ಎಂಬ ದೋಸೆಯ ಲೆಕ್ಕ ಸೇರಿನಲ್ಲಿ ಮಾಡಿದರೂ ಕಾಫಿ ಲೋಟದಲ್ಲಿ ಮಾಡಿದರೂ ಅದೇ ದೋಸೆ. ಅಕ್ಕಿಯೂ ಬೇಳೆಯೂ ಲೋಟಕ್ಕೆ ಸರಿಸುಮಾರು ಒಂದೇ ತೂಕ ಕೂರುವುದರಿಂದ ತಕ್ಕಡಿಯಲ್ಲಿ ಇಟ್ಟರೂ ಪ್ರಮಾಣ ಕೆಡುವುದಿಲ್ಲ. ಕೆಡುವುದು ಹಗುರವಾದದ್ದೂ ಭಾರವಾದದ್ದೂ ಒಂದೇ ಲೆಕ್ಕದಲ್ಲಿ ಬಂದಾಗ. ಮೈಸೂರು ಪಾಕ ಅಂಥದ್ದು. ಅನ್ನವೂ ಅಂಥದ್ದೇ: ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು ಎಂಬುದು ತೂಕದಲ್ಲಿ ಒಂದಕ್ಕೆ 2.4ರಷ್ಟಾಗುತ್ತದೆ. 200 ಗ್ರಾಂ ಅಕ್ಕಿಗೆ 400 ಗ್ರಾಂ ನೀರು ಹಾಕಿದರೆ ಅನ್ನ ಉದುರುದುರು. ಅಕ್ಕಿ ಹಳೆಯದಾಗಿದ್ದರೆ ಇನ್ನೂ ಹೆಚ್ಚು ನೀರು ಕೇಳುತ್ತದೆ. ಅದನ್ನು ಪಾವೂ ಹೇಳದು, ತಕ್ಕಡಿಯೂ ಹೇಳದು.

ತೂಗಲೇಬೇಕಾದ ಜಾಗಗಳು ಕೆಲವಿವೆ. ಕೇಕು, ಬ್ರೆಡ್ಡು, ಬಿಸ್ಕತ್ತಿನ ಹಿಟ್ಟು ಮೊದಲನೆಯದು. ಎರಡನೆಯದು ಉಪ್ಪಿನಕಾಯಿಯ ಉಪ್ಪು. ನುಣ್ಣನೆಯ ಪುಡಿ ಉಪ್ಪು ಒಂದು ಟೀ ಚಮಚ ಸುಮಾರು 6 ಗ್ರಾಂ. ಕಲ್ಲುಪ್ಪಿನಲ್ಲಿ ಹರಳುಗಳ ನಡುವೆ ಜಾಗ ಉಳಿಯುವುದರಿಂದ ಅದೇ ಚಮಚ ಅಷ್ಟು ತೂಗುವುದಿಲ್ಲ. ಕಲ್ಲುಪ್ಪಿಗೆ ಬರೆದ ಲೆಕ್ಕಕ್ಕೆ ಪುಡಿ ಉಪ್ಪನ್ನು ಅಳೆದು ಹಾಕಿದರೆ ಮಿಡಿ ಬಾಯಿಗಿಡಲಾಗದಷ್ಟು ಉಪ್ಪಾಗುತ್ತದೆ. ಪುಡಿಯ ಲೆಕ್ಕಕ್ಕೆ ಕಲ್ಲುಪ್ಪು ಅಳೆದರೆ ಮಳೆಗಾಲ ಕಳೆಯುವ ಮುಂಚೆ ಬೂಷ್ಟು. ಮೂರನೆಯದು ಬೆಲ್ಲ. ಅಚ್ಚು ಬೆಲ್ಲ, ಉಂಡೆ ಬೆಲ್ಲ, ಕುಟ್ಟಿದ್ದು, ತುರಿದದ್ದು ಒಂದೇ ಲೋಟದಲ್ಲಿ ನಾಲ್ಕು ತೂಕ. ಮದುವೆಮನೆಯ ಅಡುಗೆ ಭಟ್ಟರು ಸಾಮಾನಿನ ಪಟ್ಟಿಯಲ್ಲಿ ಬೆಲ್ಲವನ್ನು ಕೆ.ಜಿ.ಯಲ್ಲೇ ಬರೆಸುತ್ತಾರೆ. ತದ್ವಿರುದ್ಧವಾಗಿ, ಇಂಗು, ಅರಿಸಿನ, ಸೋಡದಂಥ ಚಿಟಿಕೆ ಪದಾರ್ಥಗಳಿಗೆ ಚಮಚವೇ ಲೇಸು. ಒಂದು ಗ್ರಾಂಗಿಂತ ಸೂಕ್ಷ್ಮವನ್ನು ಮನೆಯ ಸಾಮಾನ್ಯ ಡಿಜಿಟಲ್ ತಕ್ಕಡಿ ಹಿಡಿಯುವುದಿಲ್ಲ.

ಅಂದಾಜಿಗೆ ಕೆಲವು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಬಹುದು. 200 ಮಿ.ಲೀ. ಲೋಟವನ್ನು ಕುಟ್ಟದೆ, ಒತ್ತದೆ, ಮಟ್ಟವಾಗಿ ತುಂಬಿದರೆ ಅಕ್ಕಿ, ತೊಗರಿಬೇಳೆ, ಉದ್ದಿನಬೇಳೆ 160–170 ಗ್ರಾಂ. ಸಕ್ಕರೆ 170. ರವೆ 140. ಮೈದಾ, ಗೋಧಿ ಹಿಟ್ಟು 100–110. ಕಡಲೆ ಹಿಟ್ಟು 80–90. ಎಣ್ಣೆ, ತುಪ್ಪ 180ರ ಮೇಲೆ. ಹಾಲು 206. ಜೇನುತುಪ್ಪ 280. ಲೋಟ 240 ಮಿ.ಲೀ. ಆದರೆ ಇವನ್ನು 1.2ರಿಂದ ಗುಣಿಸಿ, 250 ಆದರೆ 1.25ರಿಂದ.

ಇದಕ್ಕಿಂತ ನಂಬಬಹುದಾದದ್ದು ನಿಮ್ಮದೇ ಪಟ್ಟಿ. ಮನೆಯ ಪಾವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿಸಿ. ತಕ್ಕಡಿ ತೋರಿಸಿದ ಗ್ರಾಂ ಎಷ್ಟೋ ನಿಮ್ಮ ಪಾವು ಅಷ್ಟು ಮಿ.ಲೀ. ಒರೆಸಿ ಒಣಗಿಸಿ, ನೀವು ಎಂದಿನಂತೆ ತುಂಬುವ ರೀತಿಯಲ್ಲೇ ಅಕ್ಕಿ ತುಂಬಿ ತೂಗಿ, ಬೇಳೆ ತುಂಬಿ ತೂಗಿ, ಹಿಟ್ಟು ತುಂಬಿ ತೂಗಿ. ಎರಡು ಮೂರು ಸಲ ಮಾಡಿ ಸರಾಸರಿ ಹಿಡಿದರೆ ಆಯಿತು. ಅರ್ಧ ಗಂಟೆಯ ಕೆಲಸ.

ಈ ಕೆಲಸ ಮುಖ್ಯವಾಗಿ ಬೇಕಾಗಿರುವುದು ಮನೆಯ ಹಿರಿಯರ ಅಡುಗೆಗಳನ್ನು ಬರೆದಿಡುವಾಗ. ‘ಒಂದು ಪಾವು ಅಕ್ಕಿ, ಒಂದು ಹಿಡಿ ಮೆಂತ್ಯ, ಸಣ್ಣ ಅಚ್ಚಿನ ಬೆಲ್ಲ’ ಎಂದು ಬರೆದುಕೊಂಡ ಪುಟ ಮುಂದಿನ ತಲೆಮಾರಿಗೆ ಅರ್ಧ ಮಾತ್ರ ಓದಲು ಬರುತ್ತದೆ. ಯಾವ ಪಾವು, ಮಟ್ಟವೋ ಗೋಪುರವೋ, ಹಿಟ್ಟು ಜರಡಿ ಹಿಡಿದದ್ದೋ ಅಲ್ಲವೋ, ಬೆಲ್ಲ ಕುಟ್ಟಿದ್ದೋ ತುರಿದದ್ದೋ ಎಂದು ಪಕ್ಕದಲ್ಲೇ ನಿಂತು ಕೇಳಿ, ಅವರು ಹಾಕುವ ಮೊದಲು ಒಮ್ಮೆ ತಕ್ಕಡಿಗಿಟ್ಟು ಗ್ರಾಂ ಗುರುತು ಮಾಡಿಕೊಳ್ಳಬೇಕು. ಪಾವನ್ನು ಅಳಿಸದೆ, ಅದರ ಪಕ್ಕದಲ್ಲಿ ಗ್ರಾಂ ಬರೆಯಬೇಕು. ಆಮೇಲೆ ಆ ಪಾವು ಯಾರ ಪಾಲಿಗೆ ಹೋದರೂ ಚಿಂತೆಯಿಲ್ಲ, ಅಡುಗೆ ಎಲ್ಲರ ಪಾಲಿಗೂ ಬರುತ್ತದೆ.